ದೇರಪ್ಪ ಭಾವನ ಎಡಗೈ

ದೇರಪ್ಪ ಭಾವನ ಹೆಸರನ್ನು ನಾನು ಮೊದಲು ಕೇಳಿದ್ದು ನನಗೆ ಗಂಡು ಗೊತ್ತಾದ ದಿನ. ಗಂಡಿನ ಹೆಸರಿಗಿಂತ ಮೊದಲೇ ಕೇಳಿದೆ. ಸಂಪಾಜೆಯ ನಮ್ಮ ಮನೆಯ ಜಗಲಿಯಲ್ಲಿ ಅಪ್ಪನೂ ಸಂಬಂಧದ ಮಾತು ತಂದಿದ್ದ ಬೊಳ್ಳಪ್ಪ ಮಾವನೂ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಒಳಗೆ ಅಜ್ಜಿಯೂ ನಾನೂ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದೆವು. ಬಾಗಿಲ ಕಡೆ ಕಿವಿ ಕೊಟ್ಟವಳು ನಾನೊಬ್ಬಳೇ ಅಲ್ಲ, ಅಜ್ಜಿಯ ಕೈಯೂ ನಿಂತಿತ್ತು.

"ನಾಪೋಕ್ಲಿಂದ ಆಚೆ, ಬೆಟ್ಟದ ಬುಡಲಿ ಮನೆ," ಅಂದರು ಬೊಳ್ಳಪ್ಪ ಮಾವ. "ಗದ್ದೆ ಉಟ್ಟು, ಹಟ್ಟಿ ತುಂಬ ದನ ಉಟ್ಟು. ಅಣ್ಣ ತಮ್ಮ ಇಬ್ಬರೇ. ಅಣ್ಣ ದೇರಪ್ಪ, ದೊರೆ ತೋಟಲಿ ರೈಟರು. ಹೆಂಡ್ತಿ ತೀರಿಹೋಗಿ ವರ್ಷ ಆತ್. ಅವಂದೊಂದು ಸಂಗತಿ ಉಟ್ಟು. ಎದುರು ಕೂತವ ಸುಳ್ಳು ಹೇಳಿರೆ ಅವಂಗೆ ಗೊತ್ತಾದೆ ಗಡ. ದೊರೆ ಇಸ್ಪೀಟು ಆಡುವಾಗ ಪಕ್ಕಲೇ ನಿಲ್ಲಿಸಿಕೊಳ್ಳುದು."

"ನಮ್ಮ ಗೂಡೆಗೆ ನೋಡಿದ ಹೈದಂಗೂ ಆ ವಿದ್ಯೆ ಉಟ್ಟಾ?" ಅಪ್ಪ ಕೇಳಿದರು.

"ತಮ್ಮ ಕುಶಾಲಪ್ಪಂಗಾ? ಅವಂಗೆ ಅವನ ಎತ್ತು ಯಾವುದು, ನೆರೆಯವರ ಎತ್ತು ಯಾವುದು ಅಂತ ಗೊತ್ತಾದರೆ ಸಾಕ್."

ಅಪ್ಪ ನಕ್ಕರು. ಅಜ್ಜಿ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ನೀಲಾವತಿ, ಆ ಮನೆಲಿ ಹಾಲು ಉಕ್ಕಿಹೋದರೆ ಹೋತ್ ಅಂತಲೇ ಹೇಳ್. ಬೆಕ್ಕಿನ ಮೇಲೆ ಹಾಕೋಕೆ ಹೋಗ್ಬೇಡ," ಅಂದರು.

ಆ ಹೆದರಿಕೆಯನ್ನು ಸೀರೆಯ ಗಂಟಿನ ಜೊತೆ ಕಟ್ಟಿಕೊಂಡೇ ನಾನು ಆ ಮನೆಗೆ ಹೋದೆ. ಆದರೆ ನನ್ನ ಮುಖವನ್ನು ಭಾವ ಓದುವ ಸಂದರ್ಭವೇ ಬರಲಿಲ್ಲ. ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ಆಗ ನಮ್ಮಲ್ಲಿ ಇರಲಿಲ್ಲ. ಅವರು ಜಗಲಿಗೆ ಬಂದರೆ ನಾನು ಅಡುಗೆಮನೆ ಬಾಗಿಲ ಹಿಂದೆ. ಅವರಿಗೆ ನೀರು ಬೇಕಾದರೆ ಕಂಬದ ಕಡೆ ಮುಖ ಮಾಡಿ, "ಒಳಗೆ ಇರುವವರು ಒಂದು ಚೆಂಬು ನೀರು ಇಟ್ಟರೆ ಆಗಿತ್ತು," ಅನ್ನುತ್ತಿದ್ದರು. ನಾನು ಹೊಸ್ತಿಲ ಮೇಲೆ ಚೆಂಬು ಇಟ್ಟು ಹಿಂದೆ ಸರಿಯುತ್ತಿದ್ದೆ. ಅವರು ನನ್ನನ್ನು ಕಾಣುತ್ತಿರಲಿಲ್ಲ. ನನಗೆ ಮಾತ್ರ ಬಾಗಿಲ ಸಂದಿಯಿಂದ ಅವರು ದಿನವೂ ಕಾಣುತ್ತಿದ್ದರು. ಮುಖ ಅಲ್ಲ, ಪಕ್ಕ ಮತ್ತು ಬೆನ್ನು.

ಎತ್ತರದ ಮನುಷ್ಯ, ಸಣ್ಣ ದನಿ. ಮಡಿಕೇರಿಯಲ್ಲಿ ಓದಿ ಇಂಗ್ಲಿಷು ಬರೆಯಲು ಕಲಿತಿದ್ದರು. ಬೆಟ್ಟದ ಮೇಲಿನ ಪಾರ್ಕಿನ್ ದೊರೆಯ ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಚೀಲಗಳ ಲೆಕ್ಕ ಬರೆಯುವುದು ಅವರ ಕೆಲಸ. ಒಂದು ಕಕ್ಕಡ ತಿಂಗಳ ಜಡಿಮಳೆಗೆ ದಾರಿಯಲ್ಲಿ ಗುಡ್ಡ ಜರಿದು, ಅಕ್ಕಪಕ್ಕದ ತೋಟದ ದೊರೆಗಳು ಯಾರೂ ಬಾರದೆ, ಪಾರ್ಕಿನ್ ದೊರೆ ಬಂಗಲೆಯಲ್ಲಿ ಒಬ್ಬನೇ ಕೂತು ಬೇಸತ್ತು ರೈಟರನ್ನೇ ಕರೆದು ಪೋಕರ್ ಎಂಬ ಇಸ್ಪೀಟಾಟ ಹೇಳಿಕೊಟ್ಟನಂತೆ. ಮಳೆ ನಿಲ್ಲುವಷ್ಟರಲ್ಲಿ ಕಲಿಸಿದವನಿಗೆ ಗೆಲ್ಲಲು ಆಗದೆ ಹೋಯಿತು.

ಆ ಆಟವನ್ನು ನಾನೂ ಬಾಗಿಲ ಹಿಂದಿನಿಂದಲೇ ಕಲಿತೆ. ಮಳೆಗಾಲದ ಮಧ್ಯಾಹ್ನ ಭಾವ ತಮ್ಮನನ್ನು, ಅಂದರೆ ನಮ್ಮ ಮನೆಯವರನ್ನು, ಕೂರಿಸಿಕೊಂಡು ಆಡುತ್ತಿದ್ದರು. ಪಣಕ್ಕೆ ಹಲಸಿನ ಬೀಜ. ಒಬ್ಬೊಬ್ಬರಿಗೆ ಐದು ಎಲೆ. ಯಾರ ಎಲೆ ದೊಡ್ಡದೋ ಅವರು ರಾಶಿ ಎಳೆದುಕೊಳ್ಳುವುದು. ಆದರೆ ಎಲೆ ತೋರಿಸುವ ಮೊದಲೇ ಬೀಜ ತಳ್ಳುತ್ತಾ ಹೋಗಬೇಕು. ಎದುರಿನವನು ಹೆದರಿ ಎಲೆ ಕೆಳಗೆ ಹಾಕಿದರೆ, ನಿಮ್ಮ ಕೈಯಲ್ಲಿ ಬರೀ ಕಸ ಇದ್ದರೂ ರಾಶಿ ನಿಮ್ಮದೇ. ಕಸ ಹಿಡಿದುಕೊಂಡು ರಾಜನ ಹಾಗೆ ಕೂರುವುದಕ್ಕೆ ದೊರೆಗಳು ಬ್ಲಫ್ ಅನ್ನುತ್ತಾರೆ. ಆಟದ ಜೀವ ಅದೇ.

"ಇದು ಬ್ಲಫ್," ಅನ್ನುತ್ತಿದ್ದರು ಭಾವ, ನಮ್ಮ ಮನೆಯವರು ಬೀಜ ತಳ್ಳಿದ ಕೂಡಲೇ.

"ನಿಂಗೆ ಹೆಂಗೆ ಗೊತ್ತಾತ್ ಅಣ್ಣ?"

"ಎಲೆ ಒಳ್ಳೇದಿದ್ದರೆ ನೀ ಹೊರಗೆ ಮಳೆ ಕಡೆ ನೋಡ್ತೀಯ, ನಂಗೆ ಅನುಮಾನ ಬಾರದ ಹಂಗೆ. ಎಲೆ ಕೆಟ್ಟದಿದ್ದರೆ ನನ್ನ ಕಣ್ಣನ್ನೇ ನೋಡ್ತೀಯ. ಉಸಿರು ಬೇರೆ ಬಿಡುದಿಲ್ಲೆ. ಬಿಡು ಮಾರಾಯ, ಸತ್ತುಹೋದೀಯ."

ನಮ್ಮ ಮನೆಯವರು ಎಲೆ ಎಸೆದು, "ನಿನ್ನ ಎದುರು ಮುಖಕ್ಕೆ ಗೋಣಿ ಹಾಕ್ಕಂಡೇ ಕೂರಕ್ಕು," ಅನ್ನುತ್ತಿದ್ದರು. ಆಟ ಮುಗಿದ ಮೇಲೆ ಬೀಜಗಳನ್ನು ತೊಳೆದು ಸಾರಿಗೆ ಹಾಕುವುದು ನನ್ನ ಕೆಲಸ.

ಭಾವನೂ ಬ್ಲಫ್ ಹೊಡೆಯುತ್ತಿದ್ದರು. ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ, ಉಸಿರು ಮಾಮೂಲಿ, ಬಲಗೈ ಮಾಮೂಲಿ. ಎದುರು ಬ್ರಹ್ಮನೇ ಬಂದು ಕೂತರೂ ತಿಳಿಯದು. ಆದರೆ ಬಾಗಿಲ ಸಂದಿಯಲ್ಲಿದ್ದ ನನಗೆ ತೊಡೆಯ ಮೇಲಿಟ್ಟಿದ್ದ ಅವರ ಎಡಗೈ ಕಾಣುತ್ತಿತ್ತು. ಕೈಯಲ್ಲಿ ಕಸ ಇದ್ದಾಗ ಆ ಕೈಯ ಹೆಬ್ಬೆರಳು ಮೆಲ್ಲಗೆ ಮಡಚಿ ಮುಷ್ಟಿಯ ಒಳಗೆ ಸೇರಿಕೊಳ್ಳುತ್ತಿತ್ತು, ನಿದ್ದೆಯಲ್ಲಿರುವ ಕೂಸು ಮಾಡುವ ಹಾಗೆ. ಎಲೆ ಒಳ್ಳೆಯದಿದ್ದರೆ ಬೆರಳು ಹೊರಗೇ ಇರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಭಾವನ ವಿಷಯ ಬಾಗಿಲ ಹಿಂದೆ ನಿಂತವಳು ಹೇಳುವುದುಂಟೆ?

ಬಂಗಲೆಯಲ್ಲಿ ಆಟ ನಡೆಯುತ್ತಿದ್ದದ್ದು ಭಾನುವಾರ ಮಧ್ಯಾಹ್ನ. ಸುತ್ತಲಿನ ತೋಟದ ದೊರೆಗಳು ಕುದುರೆ ಮೇಲೆ ಬರುತ್ತಿದ್ದರು. ಭಾವನನ್ನು ಅವರ ಸಮಕ್ಕೆ ಕೂರಿಸುವಂತಿಲ್ಲವಲ್ಲ, ಅದಕ್ಕೆ ಪಣಕ್ಕಿಡುವ ಮೂಳೆಯ ಬಿಲ್ಲೆಗಳ ಪೆಟ್ಟಿಗೆ ಹಿಡಿದು ತನ್ನ ಕುರ್ಚಿಯ ಪಕ್ಕ ನಿಲ್ಲುವ ಕೆಲಸವನ್ನು ಪಾರ್ಕಿನ್ ದೊರೆ ಕೊಟ್ಟಿದ್ದ. ಬಿಲ್ಲೆ ಹಂಚುವುದು ನೆಪ. ಎದುರಿನವನು ಬ್ಲಫ್ ಹೊಡೆಯುತ್ತಿದ್ದರೆ ಭಾವ ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತಿದ್ದರು. ನಿಜವಾಗಿ ಎಲೆ ಇದ್ದರೆ ಮುಚ್ಚಳ ತೆರೆದೇ ಇರುತ್ತಿತ್ತು. ಪಕ್ಕದ ತೋಟದ ಮುದಿ ದೊರೆಯೊಬ್ಬನಿಗೆ ಕಸ ಬಂದರೆ ಬಾಯಲ್ಲಿದ್ದ ಪೈಪು ಎಳೆಯುವುದೇ ಮರೆತುಹೋಗಿ ಬೆಂಕಿ ಆರುತ್ತಿತ್ತಂತೆ. ಇನ್ನೊಬ್ಬ ಬಿಲ್ಲೆಯನ್ನು ಟಪ್ಪೆಂದು ಬಡಿದು ಇಡುತ್ತಿದ್ದನಂತೆ. ಇದೆಲ್ಲ ಭಾವ ತಮ್ಮನ ಹತ್ತಿರ ಹೇಳಿ ನಗುವುದು ನನಗೆ ಕೇಳಿಸುತ್ತಿತ್ತು.

"ಅದು ಮೋಸ ಅಲ್ವಾ ಅಣ್ಣ?" ಅಂತ ನಮ್ಮ ಮನೆಯವರು ಒಮ್ಮೆ ಕೇಳಿದ್ದುಂಟು.

"ನಾ ಎಂತ ಮಾಡ್ದೆ? ಮುಚ್ಚಳ ಮುಚ್ಚಿದೆ. ಅಷ್ಟೇ."

ಊರಿನವರೂ ಬರತೊಡಗಿದರು. ಬೇಲಿ ಜಗಳ, ಕಳೆದುಹೋದ ಕತ್ತಿ, ಮದುವೆ ಮಾತು ಮುರಿದವರು. ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಭಾವ ನಾಲ್ಕು ಮಾತು ಕೇಳಿ, "ಇವ ಹೇಳುದು ಸುಳ್ಳು," ಅನ್ನುವರು. ಹೆಚ್ಚುಕಡಿಮೆ ಎಲ್ಲಾ ಸರಿಯಾಗುತ್ತಿತ್ತು. ಹಾಗೆ ಸರಿಯಾದದ್ದೇ ಕೇಡಾಯಿತು. ತಾವು ತಪ್ಪಬಹುದು ಅನ್ನುವುದು ಅವರ ತಲೆಯಿಂದ ಹೋಗಿಬಿಟ್ಟಿತು.

ನಾನು ಬಂದ ಮೂರನೆಯ ವರ್ಷ, ಕಾಫಿ ಒಣಗಿಸುವ ಕಾಲದಲ್ಲಿ, ತೋಟದ ಸ್ಟೋರಿನಿಂದ ಎರಡು ಚೀಲ ಕಾಫಿ ಕಾಣೆಯಾಯಿತು. ಪಾರ್ಕಿನ್ ದೊರೆ ಪೊಲೀಸರಿಗೆ ಹೇಳಿಕಳಿಸುವ ಮೊದಲು, "ದೇರಪ್ಪ ನೋಡಲಿ," ಅಂದನಂತೆ. ಬಂಗಲೆಯ ವರಾಂಡದಲ್ಲಿ ಇಸ್ಪೀಟಿನ ಮೇಜನ್ನೇ ಹಾಕಿಸಿದ. ಒಂದು ಕಡೆ ಭಾವ, ಅವರ ಹಿಂದೆ ದೊರೆ. ಎದುರಿನ ಕುರ್ಚಿಗೆ ಒಬ್ಬೊಬ್ಬ ಆಳನ್ನೇ ಕರೆಸಿದರು. ಅದನ್ನು ನಾನು ಕಂಡವಳಲ್ಲ. ಎಷ್ಟೋ ವರ್ಷದ ಮೇಲೆ ಭಾವ ಕಂಬಕ್ಕೆ ಹೇಳುವ ಹಾಗೆ ಹೇಳಿದ್ದನ್ನು ಒಟ್ಟು ಮಾಡಿ ಬರೆಯುತ್ತಿದ್ದೇನೆ.

ಮೊದಲು ಮೇಸ್ತ್ರಿ ಗುರುವಪ್ಪ ಬಂದ. ಸ್ಟೋರಿನ ಬೀಗದಕೈ ಅವನ ಹತ್ತಿರವೇ ಇರುವುದು. ಕುರ್ಚಿ ತುಂಬ ಕೂತು ಕಾಲು ಚಾಚಿದ.

"ಸ್ಟೋರಿಂದ ನೀ ಕದ್ದಿದ್ದೀಯಾ ಗುರುವಪ್ಪ?"

"ಕದಿಯೋದಾ? ನಾನಾ? ರೈಟ್ರೇ, ಹದಿನೈದು ವರ್ಷ ಆಯ್ತು ಈ ತೋಟದಲ್ಲಿ. ಕಳ್ಳ ಅಂತ ಒಬ್ಬ ಹೇಳಲಿ, ಮೀಸೆ ಬೋಳಿಸ್ತೀನಿ."

ಗಂಟಲು ಅಲುಗಲಿಲ್ಲ, ಉಸಿರು ತಪ್ಪಲಿಲ್ಲ, ಕಣ್ಣು ಅತ್ತಿತ್ತ ಓಡಾಡಿಕೊಂಡು ಆರಾಮವಾಗಿತ್ತು. ಮೇಜಿನ ಮೇಲಿದ್ದ ಬಿಲ್ಲೆ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಗುರುವಪ್ಪ ಎದ್ದು ಹೋದ.

ಇನ್ನೂ ಕೆಲವರು ಬಂದು ಹೋದ ಮೇಲೆ ಬೊಮ್ಮ ಬಂದ. ತೋಟದ ಕೆಳಗಿನ ಹಾಡಿಯವನು, ಸ್ಟೋರಿನ ಮುಂದೆ ಕಾಫಿ ಹರವಿದ ಕಣದ ಕಾವಲಿನವನು. ನಮ್ಮ ಮನೆಗೆ ಬಿದಿರಿನ ಕುಕ್ಕೆ ಹೆಣೆದು ಕೊಡುತ್ತಿದ್ದ. ಅವನ ಹೆಂಡತಿ ಚೋಮಿಗೆ ಚೊಚ್ಚಲ ಹೆರಿಗೆಯಾಗಿ ಇನ್ನೂ ಹಸಿ ಮೈ. ಕುರ್ಚಿಯ ಮೇಲೆ ಹುಟ್ಟಿದಾರಭ್ಯ ಕೂತವನಲ್ಲ, ತುದಿಯಲ್ಲಿ ಅಂಟಿಕೊಂಡ ಹಾಗೆ ಕೂತ.

"ಮೊನ್ನೆ ಸಂಜೆ ಕಣದಲ್ಲಿ ನೀನಿರಲಿಲ್ಲವಂತೆ. ಎಲ್ಲಿ ಹೋಗಿದ್ದೆ?"

ಮಾತು ಮುಗಿಯುವ ಮೊದಲೇ, "ಎಲ್ಲೂ ಹೋಗಿಲ್ಲ ಒಡೆಯಾ," ಅಂದ.

ಯಾವತ್ತೂ ನೆಲ ನೋಡಿ ಮಾತಾಡುವ ಬೊಮ್ಮ ಅವತ್ತು ಭಾವನ ಕಣ್ಣನ್ನೇ ನೋಡಿದ. ಉಗುಳು ನುಂಗಿದ. ಉಸಿರು ಕಟ್ಟಿತು. ಕೈ ತಾನಾಗಿ ಸೊಂಟದ ಮಡಿಕೆಯ ಮೇಲೆ ಹೋಯಿತು. ನಮ್ಮ ಮನೆಯವರು ಹಲಸಿನ ಬೀಜಕ್ಕೆ ಮಾಡುವುದನ್ನೆಲ್ಲ ಬೊಮ್ಮ ಆ ಕುರ್ಚಿಯ ತುದಿಯಲ್ಲಿ ಮಾಡಿದ.

ಭಾವ ಪೆಟ್ಟಿಗೆಯತ್ತ ಕೈ ಚಾಚಿದರು. ಮುಚ್ಚಳ ಮುಚ್ಚಿದರು.

ದೊರೆ ಅವನ ಸೊಂಟ ಹುಡುಕಿಸಿದ. ಚೀಲದ ಬಾಯಿ ಹೊಲಿಯುವ ಹುರಿ ಒಂದು ಮಾರು ಸಿಕ್ಕಿತು. ಆಮೇಲೆ ಯಾರೂ ಏನೂ ಕೇಳುವುದು ಉಳಿಯಲಿಲ್ಲ. ಬೊಮ್ಮನನ್ನು ಮಡಿಕೇರಿಗೆ ನಡೆಸಿಕೊಂಡು ಹೋದರು. ಚೀಲ ಎಲ್ಲಿ ಅಂತ ಹೊಡೆದು ಕೇಳಿದರೂ ಎಲ್ಲೂ ಹೋಗಿಲ್ಲ, ಕದ್ದಿಲ್ಲ, ಇವೆರಡು ಬಿಟ್ಟು ಮೂರನೆಯ ಮಾತು ಅವನ ಬಾಯಿಂದ ಬರಲಿಲ್ಲವಂತೆ. ಶಿಕ್ಷೆಯಾಯಿತು. ಮಳೆ ಹಿಡಿಯುವ ಹೊತ್ತಿಗೆ ಜೈಲಿನಲ್ಲೇ ಜ್ವರ ಬಂದು ಸತ್ತ. ಹೆಣ ಹಾಡಿಗೆ ಬರಲಿಲ್ಲ, ಸುದ್ದಿ ಬಂತು.

ಸುದ್ದಿ ಬಂದ ಕೆಲವು ದಿನಕ್ಕೆ ಚೋಮಿ ನಮ್ಮ ಹಿತ್ತಲಿಗೆ ಬಂದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ನಾನು ಅನ್ನ ಹಾಕಿ ಕೊಟ್ಟೆ. ಮುಟ್ಟಲಿಲ್ಲ.

"ಅಮ್ಮಾ, ಒಳಗೆ ರೈಟ್ರಯ್ಯ ಅವ್ರಾ?"

"ಜಗಲಿಲಿ ಅವ್ರೆ. ಎಂತ ಹೇಳಬೇಕು?"

"ನಿಮಗೆ ಹೇಳ್ತೀನಿ. ನೀವು ಅವರಿಗೆ ಹೇಳಿ. ಬೇರೆ ಯಾರಿಗೂ ಬೇಡ." ಮಗುವನ್ನು ಮುಂದಕ್ಕೆ ತಿರುಗಿಸಿ ಮೊಲೆಗೆ ಹಾಕಿಕೊಂಡಳು. "ಅವತ್ತು ಸಂಜೆ ಅವನು ಕಾಡಿಗೆ ಹೋಗಿದ್ದ. ಕಾಡುಕೋಳಿಗೆ ಉರುಳು ಹಾಕಿದ್ದ. ನಂಗೆ ಹಾಲು ಇಳೀತಿರಲಿಲ್ಲ ಅಮ್ಮಾ. ಮಗು ಅತ್ತು ಅತ್ತು ದನಿ ಹೋಗಿತ್ತು. ಕೋಳಿ ಸಾರು ಕುಡಿದರೆ ಹಾಲು ಬರ್ತದೆ ಅಂದ್ರು. ಅವನು ತಂದು ಬೇಯಿಸಿ ಕೊಟ್ಟ. ಅವನು ಬಾಯಿಗೆ ಇಡಲಿಲ್ಲ."

"ಅದನ್ನು ಹೇಳಿದರೆ ಆಗ್ತಿತ್ತಲ್ಲ ಚೋಮಿ. ಕಾಡುಕೋಳಿ ಹಿಡಿದರೆ ಯಾರು ಜೈಲಿಗೆ ಹಾಕ್ತಾರೆ?"

ಅವಳು ನನ್ನ ಮುಖ ನೋಡಿದಳು. "ಕಟ್ಟು ಬಿದ್ದಿತ್ತಲ್ಲ ಅಮ್ಮಾ," ಅಂದಳು.

ನನಗೂ ನೆನಪಾಯಿತು. ಹೌದು, ಊರ ದೇವರ ಕಟ್ಟು ಬಿದ್ದ ದಿನಗಳು ಅವು. ಹಬ್ಬಕ್ಕೆ ಮುಂಚೆ ಕಟ್ಟು ಬಿತ್ತೆಂದರೆ ಹಬ್ಬ ಮುಗಿಯುವ ತನಕ ಆ ಊರ ಎಲ್ಲೆಯೊಳಗೆ ಯಾವ ಜೀವವನ್ನೂ ಕೊಲ್ಲುವ ಹಾಗಿಲ್ಲ, ಹಸಿ ಮರಕ್ಕೆ ಕತ್ತಿ ಹಾಕುವ ಹಾಗಿಲ್ಲ. ನಮ್ಮ ಮನೆಯಲ್ಲೂ ಮೀನು ಸಹ ಬೇಯಿಸುತ್ತಿರಲಿಲ್ಲ. ಕಟ್ಟು ಮುರಿದವನಿಗಿಂತ ಅವನು ಯಾರಿಗಾಗಿ ಮುರಿದನೋ ಅವರ ಮೇಲೆ ದೇವರ ಕೋಪ ಬರುತ್ತದೆ ಅಂತ ಹಾಡಿಯವರು ನಂಬಿದ್ದರು. ಬಾಯಿಬಿಟ್ಟು ಹೇಳಿದರೆ ಕೂಸು ಉಳಿಯುವುದಿಲ್ಲ ಅಂತ ಬೊಮ್ಮ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಬಾಯಿ ಕಟ್ಟಿಸಿದ್ದ. ಸೊಂಟದಲ್ಲಿ ಸಿಕ್ಕಿದ್ದು ಉರುಳಿನ ಹುರಿ.

"ಈಗ ಯಾಕೆ ಹೇಳ್ತಿದ್ದೀಯ?"

"ದೇವರು ತಗೊಳ್ಳೋದು ತಗೊಂಡಾಯ್ತಲ್ಲ," ಅಂದಳು ಚೋಮಿ. "ಮಗನನ್ನ ಬಿಟ್ಟು ಅವನನ್ನ ತಗೊಂಡ. ರೈಟ್ರಯ್ಯಂಗೆ ಗೊತ್ತಿರಲಿ, ಅವನು ಕಳ್ಳ ಅಲ್ಲ ಅಂತ. ಮಗಂಗೆ ಮಾತ್ರ ಯಾವತ್ತೂ ಗೊತ್ತಾಗಬಾರದು. ನನ್ನ ಹಾಲಿಗೋಸ್ಕರ ಅಪ್ಪ ಸತ್ತ ಅಂತ ಗೊತ್ತಾದರೆ ಅವನು ಹೆಂಗೆ ಬದುಕ್ತಾನೆ?"

ನಾನು ಬಾಗಿಲ ಹಿಂದೆ ನಿಂತು, ಗಂಡನ ಅಣ್ಣನ ಜೊತೆ ಮೊದಲ ಸಲ ನೇರವಾಗಿ ಮಾತಾಡಿದೆ. ಚೋಮಿ ಹೇಳಿದ್ದನ್ನು ಒಂದನ್ನೂ ಬಿಡದೆ ಹೇಳಿದೆ. ಭಾವ ಜಗಲಿಯ ಕಂಬ ಹಿಡಿದು ಕೂತರು. ಹೊತ್ತು ಇಳಿಯುವವರೆಗೆ ಏಳಲಿಲ್ಲ. ಆಮೇಲೆ ಇಷ್ಟೇ ಅಂದರು: "ಸುಳ್ಳು ಇತ್ತು. ನಾ ಕಂಡದ್ದು ನಿಜ. ಯಾವ ಸುಳ್ಳು ಅಂತ ಕೇಳಲಿಲ್ಲ. ಇಸ್ಪೀಟಲ್ಲಿ ಕೈಲಿ ಇರುದು ಒಂದೇ ಆಟ. ಮನುಷ್ಯನ ಕೈಲಿ ಎಷ್ಟಿರ್ತವೋ." ಕಂಬ ಬಿಟ್ಟು ಎದ್ದು, "ಕಟ್ಟು ಬಿದ್ದದ್ದು ನಂಗೆ ನೆನಪೇ ಇರಲಿಲ್ಲೆ. ಭಾನುವಾರ ಯಾವತ್ತು ಅಂತ ನೆನಪಿತ್ತು," ಅಂದರು.

ಅದರ ಮುಂದಿನ ಭಾನುವಾರಗಳಲ್ಲಿ ಬಿಲ್ಲೆ ಪೆಟ್ಟಿಗೆಯ ಮುಚ್ಚಳ ಒಮ್ಮೆಯೂ ಮುಚ್ಚಲಿಲ್ಲವಂತೆ. ಪಾರ್ಕಿನ್ ದೊರೆ ಸೋತು ಸೋತು ಕೆಂಪಾಗಿ, ನಿನಗೇನಾಯಿತು ಅಂತ ಗದರಿದ. "ಕಣ್ಣು ಹೋತ್ ದೊರೆ," ಅಂದು ಭಾವ ಪೆಟ್ಟಿಗೆ ಮೇಜಿನ ಮೇಲಿಟ್ಟು ಬಂದರು. ತೋಟದ ಕೆಲಸವೂ ಹೋಯಿತು. ನಮ್ಮ ಮನೆಯವರ ಜೊತೆ ಗದ್ದೆಗೆ ಇಳಿದರು. ಮನುಷ್ಯರ ಮುಖ ನೋಡುವುದನ್ನೇ ಬಿಟ್ಟರು. ಸಂತೆಯಲ್ಲಿ ಉಪ್ಪು ಕೊಳ್ಳುವಾಗಲೂ ಉಪ್ಪಿಗೇ ಮಾತಾಡುವರು. ಜಗಳ ತೀರಿಸಿಕೊಡಿ ಅಂತ ಬಂದವರನ್ನು ಅಂಗಳದಿಂದಲೇ ವಾಪಸು ಕಳಿಸುವರು.

ಅವರನ್ನು ಸುಡುತ್ತಿದ್ದದ್ದು ಒಂದೇ. ಬೊಮ್ಮ ಕಳ್ಳನಲ್ಲ ಅಂತ ಊರಿಗೆ ಹೇಳಬೇಕಾದರೆ ಬೊಮ್ಮ ಎಲ್ಲಿದ್ದ ಅಂತ ಹೇಳಬೇಕು. ಅದನ್ನು ಹೇಳಿದರೆ, ಯಾವುದನ್ನು ಮುಚ್ಚಲು ಬೊಮ್ಮ ಸತ್ತನೋ ಅದನ್ನೇ ಬಿಚ್ಚಿದ ಹಾಗೆ. ಹಾಡಿಯ ಕೂಸು, ಚಿಕ್ಕ ಅಂತ ಹೆಸರಿಟ್ಟಿದ್ದರು, ಕಳ್ಳನ ಮಗ ಅನ್ನಿಸಿಕೊಂಡು ತೆವಳಲು ಕಲಿಯಿತು.

ಮರು ವರ್ಷದ ಕಾಫಿಗೆ ಬಾಯಿ ಬಂತು ಅನ್ನಬೇಕು. ಗುರುವಪ್ಪ ಗಾಡಿಯಲ್ಲಿ ಹುಲ್ಲಿನ ಅಡಿಗೆ ಚೀಲ ಇಟ್ಟುಕೊಂಡು ಹೋಗುವಾಗ ನಾಪೋಕ್ಲಿನ ದಾರಿಯಲ್ಲಿ ಸಿಕ್ಕಿಬಿದ್ದ. ಕೇಳಿದ್ದಕ್ಕೆ ಒಂದಿಷ್ಟೂ ಅಂಜದೆ, ಹೋದ ವರ್ಷವೂ ಒಯ್ದಿದ್ದೆ, ಅದರ ಹಿಂದಿನ ವರ್ಷವೂ ಒಯ್ದಿದ್ದೆ, ಮೇಸ್ತ್ರಿಗೆ ಎರಡು ಚೀಲ ಮಾಮೂಲು, ಹಳೆ ದೊರೆ ಕಾಲದಿಂದ ಇರುವುದು, ಅಂದನಂತೆ. ಭಾವ ಅವನನ್ನು ಠಾಣೆಯ ಹತ್ತಿರ ಹುಡುಕಿಕೊಂಡು ಹೋಗಿ ಕೇಳಿದರು.

"ಅವತ್ತು ನಿನ್ನ ಗಂಟಲು ಅಲುಗಲಿಲ್ಲವಲ್ಲ ಗುರುವಪ್ಪ."

"ಯಾಕೆ ಅಲುಗಬೇಕು ರೈಟ್ರೇ? ನೀವು ಕದ್ದಿದ್ದೀಯಾ ಅಂತ ಕೇಳಿದ್ರಿ. ನಾನು ಕದ್ದಿರಲಿಲ್ಲವಲ್ಲ."

ಸುದ್ದಿ ಹಬ್ಬಿದ ದಿನವೇ ಊರಿನ ಹಿರಿಯರು ನಮ್ಮ ಜಗಲಿಗೆ ಬಂದರು. ನೆರೆಯ ಮನೆಯ ಸೋಮಯ್ಯ ಅಜ್ಜ ಮುಂದೆ ಕೂತರು. ನಾನು ಎಂದಿನ ಸಂದಿಯಲ್ಲಿ.

"ಹಂಗಾದರೆ ಬೊಮ್ಮ ಕದ್ದಿಲ್ಲೆ," ಅಂದರು ಸೋಮಯ್ಯ ಅಜ್ಜ. "ಆದರೆ ದೇರಪ್ಪ, ನಿನ್ನ ಕಣ್ಣು ತಪ್ಪುದಿಲ್ಲೆ. ಅವ ಎಂತದೋ ಮುಚ್ಚಿಕಂಡಿತ್ತ್. ಕಾವಲು ಬಿಟ್ಟು ಹೋದ್ದು ನಿಜ, ಸೊಂಟಲಿ ಹುರಿ ಸಿಕ್ಕಿದ್ದು ನಿಜ. ಕಟ್ಟಿನ ಸಮಯ ಬೇರೆ. ಹುರಿಲಿ ಎಂತ ಮಾಡ್ತಿತ್ತ್ ಅವ?"

ಇನ್ನೊಬ್ಬರು, "ಹೌದಲ್ಲ. ಕೇಳಕ್ಕು. ಹೆಂಡ್ತಿನ ಕರೆಸಿ ಕೇಳನ," ಅಂದರು.

ಇನ್ನೊಂದು ಮಾತು ಮುಂದೆ ಹೋಗಿದ್ದರೆ ಚೋಮಿಯ ಗುಟ್ಟು ಜಗಲಿಗೆ ಬಂದುಬಿಡುತ್ತಿತ್ತು. ಭಾವ ತಲೆ ಎತ್ತಿದರು. ಮಳೆಗಾಲದಿಂದ ಯಾರ ಮುಖವನ್ನೂ ನೋಡದವರು ಸೋಮಯ್ಯ ಅಜ್ಜನ ಮುಖವನ್ನು ನೋಡಿದರು.

"ಅವನ ಮುಖಲಿ ಎಂತದೂ ಇರಲಿಲ್ಲೆ ಅಜ್ಜ," ಅಂದರು. ದನಿ ನೀರಿನ ಹಾಗೆ ಇತ್ತು. "ಸುಳ್ಳು ಇರಲೇ ಇಲ್ಲೆ. ಕಣಲೇ ಇದ್ದೆ ಅಂತ ಹೇಳಿತ್ತ್, ಕಣಲೇ ಇತ್ತ್. ಕಾಫಿ ಕಣದ ಕಾವಲಿನವನ ಸೊಂಟಲಿ ಹುರಿ ಇಲ್ಲದೆ ಎಂತ ಇರ್ತದೆ? ದೊರೆಗೆ ಒಬ್ಬ ಕಳ್ಳ ಬೇಕಿತ್ತ್. ನಾ ಒಬ್ಬನ ತೋರಿಸಿದೆ."

ಸೋಮಯ್ಯ ಅಜ್ಜ ನಿಧಾನಕ್ಕೆ ಎದ್ದು ಅಂಗಳಕ್ಕಿಳಿದು, ಬಾಯಲ್ಲಿದ್ದ ಎಲೆಅಡಿಕೆಯನ್ನು ನಮ್ಮ ಮೆಟ್ಟಿಲ ಬುಡದಲ್ಲಿ ಉಗಿದು ಹೋದರು. ಉಳಿದವರೂ ಒಬ್ಬೊಬ್ಬರೇ ಹೋದರು. ನಮ್ಮ ಮನೆಯವರು ಅಣ್ಣನನ್ನು, "ಗೊತ್ತಿದ್ದೂ ಹಿಡಿದು ಕೊಟ್ಟದ್ದಾ ನೀ?" ಅಂತ ಕೇಳಿದರು. ಭಾವ ಕಂಬದ ಕಡೆ ಮುಖ ತಿರುಗಿಸಿದರು.

ತೊಡೆಯ ಮೇಲಿದ್ದ ಎಡಗೈ ನನಗೆ ಕಾಣುತ್ತಿತ್ತು. ಹೆಬ್ಬೆರಳು ಮುಷ್ಟಿಯ ಒಳಗಿತ್ತು.

ಎಲ್ಲರೂ ಹೋದ ಮೇಲೆ ನಾನು ಬಾಗಿಲ ಹಿಂದಿನಿಂದ, "ಭಾವ," ಅಂದೆ. "ಸುಳ್ಳು ಹೇಳುವಾಗ ನಿಮ್ಮ ಎಡಗೈ ಹೆಬ್ಬೆರಳು ಮುಷ್ಟಿ ಒಳಗೆ ಹೋಗ್ತದೆ. ಇಸ್ಪೀಟು ಆಡುವಾಗಿಂದ ಕಂಡಿದೆ."

ಅವರು ತಮ್ಮ ಕೈಯನ್ನು ಎತ್ತಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. ಬೆರಳನ್ನು ಬಲಗೈಯಿಂದ ಬಿಡಿಸಿದರು.

"ನಂಗೆ ಗೊತ್ತೇ ಇರಲಿಲ್ಲೆ," ಅಂದರು. "ಇಷ್ಟು ವರ್ಷ ಒಳಗೆ ಒಬ್ಬರು ನೋಡ್ತಿದ್ದವಾ? ನಾ ದೊರೆ ಎದುರು ಹೋಗಿ ನಿಂತದ್ದು ಸುಮ್ಮನೆ. ಒಳಗೆ ಇದ್ದವರ ಕಳಿಸಕ್ಕಿತ್ತ್." ಆಮೇಲೆ, "ಯಾರಿಗೂ ಹೇಳುದು ಬೇಡ," ಅಂದರು. ಬೆರಳಿನ ವಿಷಯವೋ ಸುಳ್ಳಿನ ವಿಷಯವೋ ಅಂತ ನಾನು ಕೇಳಲಿಲ್ಲ.

ಮುಂದೆ ಊರು ಅವರನ್ನು ಮನುಷ್ಯನ ಲೆಕ್ಕಕ್ಕೆ ಹಿಡಿಯಲಿಲ್ಲ. ಮದುವೆ ಮನೆಯಲ್ಲಿ ಅವರ ಪಕ್ಕದ ಎಲೆ ಖಾಲಿ ಬೀಳುತ್ತಿತ್ತು. ನಮ್ಮ ಮನೆಯವರಿಗೂ ಅಣ್ಣನ ಮೇಲೆ ಮನಸ್ಸು ಮುರಿಯಿತು. ಒಂದೇ ನೇಗಿಲಿನ ಹಿಂದೆ ಮುಂದೆ ನಡೆದರೂ ಮಾತಿಲ್ಲ. ನಿಜ ಏನೆಂದು ನನ್ನ ಬಾಯಿಗೆ ಬಂದು ಬಂದು ನಿಲ್ಲುತ್ತಿತ್ತು. ಚೋಮಿಯ ಮುಖ ನೆನಪಾಗಿ ನುಂಗುತ್ತಿದ್ದೆ. ನಮ್ಮ ಮನೆಯವರು ಹಾವು ಕಚ್ಚಿ ಸತ್ತರು, ಅಣ್ಣನನ್ನು ತಪ್ಪು ತಿಳಿದುಕೊಂಡೇ ಸತ್ತರು. ಆಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಒಬ್ಬರು ಜಗಲಿಯಲ್ಲಿ, ಒಬ್ಬರು ಬಾಗಿಲ ಹಿಂದೆ. ಮಳೆಗಾಲದಲ್ಲಿ ಅವರು ಕಂಬಕ್ಕೆ ಹಳೆಯದನ್ನೆಲ್ಲ ಹೇಳುತ್ತಿದ್ದರು. ಕಂಬದ ಬದಲು ನಾನು ಹೂಂ ಅನ್ನುತ್ತಿದ್ದೆ.

ಜರ್ಮನಿಯವರ ಎರಡನೇ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಭಾವ ಎದೆಯಲ್ಲಿ ನೀರು ತುಂಬಿ ಹಾಸಿಗೆ ಹಿಡಿದರು. ನೋಡಿಕೊಳ್ಳುವವಳು ನಾನೊಬ್ಬಳೇ. ಬಾಗಿಲ ಹಿಂದೆ ನಿಂತರೆ ಗಂಜಿ ಕುಡಿಸಲಾಗುತ್ತದೆಯೇ? ಎದುರು ಹೋಗಿ ಕೂತೆ. ಅವರೂ ಬೇಡ ಅನ್ನಲಿಲ್ಲ. ಮುಖ ಮಾತ್ರ ಗೋಡೆ ಕಡೆ ಮಾಡಿಯೇ ಕುಡಿಯುತ್ತಿದ್ದರು.

ಒಂದು ಬೆಳಿಗ್ಗೆ ಚೋಮಿ ಬಂದಳು. ಕೂದಲು ಹಣ್ಣಾಗಿತ್ತು.

"ಮಗ ಬರ್ತಾನಂತೆ ಅಮ್ಮಾ, ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ. ರೈಟ್ರಯ್ಯ ಹೋಗೋ ಮೊದಲು ಕೇಳಬೇಕಂತೆ, ನಮ್ಮಪ್ಪ ಅವತ್ತು ಸುಳ್ಳು ಹೇಳಿದ್ನಾ ಅಂತ. ತೋಟದ ಆಳುಗಳ ಲೈನಿನಲ್ಲಿ ಯಾರೋ ತಲೆಗೆ ತುಂಬಿದ್ದಾರೆ, ನಿಮ್ಮಪ್ಪ ಕದ್ದಿಲ್ಲ ಆದ್ರೆ ಏನೋ ಮಾಡಿದ್ದ ಅಂತ. ನಂಗೆ ಕೇಳಿದ. ನಾನು ಗೊತ್ತಿಲ್ಲ ಅಂದೆ. ನನ್ನ ನಂಬಲಿಲ್ಲ." ಹೊಸ್ತಿಲು ಹಿಡಿದುಕೊಂಡಳು. "ರೈಟ್ರಯ್ಯ ಹೇಳಿದ್ರೆ ನಂಬ್ತಾನೆ. ನನ್ನ ಅಪ್ಪನ್ನ ಹಿಡಿದು ಕೊಟ್ಟವರು ಸಾಯೋ ಹೊತ್ತಲ್ಲಿ ನನಗ್ಯಾಕೆ ಸುಳ್ಳು ಹೇಳ್ತಾರೆ ಅಂತಾನೆ."

ಭಾವ ಎಲ್ಲವನ್ನೂ ಕೇಳಿಸಿಕೊಂಡರು. ಅವಳು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಉಸಿರು ಗೊರಗೊರ ಅನ್ನುತ್ತಿತ್ತು.

ಈಗ ಚೋಮಿ ಇಲ್ಲ. ಚಿಕ್ಕನೂ ಹೋದ ವರ್ಷ ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದ. ಕೊನೆಯವರೆಗೂ ಅವನು, ನಮ್ಮಪ್ಪ ಕಣದಲ್ಲೇ ಇದ್ದ, ನಿಜ ಹೇಳಿ ಸತ್ತ, ಅಂತ ಎಲ್ಲರಿಗೂ ಹೇಳಿಕೊಂಡು, ದೇರಪ್ಪನ ಹೆಸರೆತ್ತಿದರೆ ಮುಖ ತಿರುಗಿಸಿಕೊಂಡು ಬದುಕಿದ. ಅದಕ್ಕೇ ಇಷ್ಟು ದಿನ ಬರೆಯದೆ ಇಟ್ಟುಕೊಂಡಿದ್ದೆ.

ಆ ಮಧ್ಯಾಹ್ನ ಭಾವ ತಮ್ಮನ್ನು ಎತ್ತಿ ದಿಂಬಿಗೆ ಒರಗಿಸಲು ಹೇಳಿದರು. ಒರಗಿಸಿದೆ. ಮುಖ ಒರೆಸು ಅಂದರು. ಒರೆಸಿದೆ. ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಹಾಸಿಗೆಯನ್ನು ಸ್ವಲ್ಪ ತಿರುಗಿಸು ಅಂದರು. ನನಗೆ ಅರ್ಥವಾಯಿತು. ಮುಚ್ಚಿಕೊಳ್ಳುವುದು ಏನೂ ಇಲ್ಲ ಅಂತ ಹುಡುಗನಿಗೆ ಕಾಣಲಿ ಅಂತ.

ಅಂಗಳದ ಬೇಲಿಯ ತಡಮೆ ಸರಿಸಿದ ಸದ್ದಾಯಿತು. ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು. ಭಾವ ಗೋಡೆ ಕಡೆಯಿಂದ ತಿರುಗಿ, ಆ ಮನೆಗೆ ನಾನು ಕಾಲಿಟ್ಟ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ಹೆಸರು ಹಿಡಿದು ಕರೆದದ್ದೂ ಮೊದಲ ಸಲ.

"ನೀಲಾವತಿ, ನನ್ನ ಎಡಗೈ ಕಂಬಳಿ ಒಳಗೆ ಸೇರಿಸ್. ನೀನೇ ಹಿಡ್ಕಂಡ್ ಕೂತಿರ್, ಅಂವ ಹೋಗುವ ತನಕ."